ಮೀಟರಿನ ಅಂಕಿಗೆ ಬೆದರಬೇಡಿ, ಮರುಳಾಗಲೂ ಬೇಡಿ

ಫಲಿತಾಂಶ ಬಂದು ತಿಂಗಳು ಕಳೆಯುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಈ ಮಾತು ಏಳುತ್ತದೆ. 'ಕೆಲಸಕ್ಕೆ ಅಲೆಯುವ ಬದಲು ಹಳೆಯದೊಂದು ಡೀಸೆಲ್ ಪಿಕಪ್ ಕೊಂಡು ಬಾಡಿಗೆಗೆ ಓಡಿಸುತ್ತೇನೆ' ಎಂದು ಮಗ ಹೇಳುತ್ತಾನೆ. ತಂದೆಗೆ ಸಾಲದ ಭಯ, ತಾಯಿಗೆ ಕೈಬಳೆಯ ಚಿಂತೆ. ಆಸೆಯೇನೂ ತಪ್ಪಲ್ಲ. ತರಕಾರಿ, ಹಾಲು, ಸಿಮೆಂಟು ಸಾಗಿಸಿ ಮರ್ಯಾದೆಯಾಗಿ ಬದುಕುತ್ತಿರುವ ಯುವಕರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಆದರೆ ಮನೆಯ ಉಳಿತಾಯವೆಲ್ಲ ಒಂದೇ ದಿನ ಕೈಬಿಡುವ ವ್ಯವಹಾರವಿದು. ಮಕ್ಕಳೂ ಪಾಲಕರೂ ಒಟ್ಟಿಗೆ ಕುಳಿತು ಲೆಕ್ಕ ಹಾಕುವುದು ಒಳ್ಳೆಯದು.

ಎಲ್ಲರೂ ಮೊದಲು ನೋಡುವುದು ಕಿಲೋಮೀಟರ್ ಮೀಟರನ್ನು. ಎರಡು ಲಕ್ಷ ದಾಟಿದ್ದರೆ ಮುಖ ತಿರುಗಿಸುತ್ತಾರೆ, ಅರವತ್ತು ಸಾವಿರ ಕಂಡರೆ ಕಣ್ಣರಳಿಸುತ್ತಾರೆ. ಇಲ್ಲಿ ಶಾಲೆಯಲ್ಲಿ ಕಲಿತ ಭಾಗಾಕಾರ ಸಾಕು. 8 ವರ್ಷದ ಗಾಡಿ 2,40,000 ಕಿ.ಮೀ. ಓಡಿದೆ ಎನ್ನಿ. ವರ್ಷಕ್ಕೆ 30,000, ವರ್ಷದಲ್ಲಿ 300 ದಿನ ದುಡಿದಿದ್ದರೆ ದಿನಕ್ಕೆ 100 ಕಿ.ಮೀ. ಹಳ್ಳಿಯಿಂದ ಮಾರುಕಟ್ಟೆಗೆ ಹೋಗಿ ಬರುವ ಗಾಡಿಗೆ ಇದು ಸಹಜ. ಅಷ್ಟೇ ವಯಸ್ಸಿನ ಇನ್ನೊಂದು ಗಾಡಿ 60,000 ತೋರಿಸಿದರೆ ದಿನಕ್ಕೆ 25 ಕಿ.ಮೀ. ಆಯಿತು. ಕಂತು ಕಟ್ಟಬೇಕಾದ ಬಾಡಿಗೆ ಗಾಡಿ ದಿನಕ್ಕೆ ಅಷ್ಟೇ ಓಡಿದರೆ ಮಾಲೀಕನಿಗೆ ಗಿಟ್ಟುವುದು ಹೇಗೆ? ಮೀಟರನ್ನು ಹಿಂದಕ್ಕೆ ತಿರುಗಿಸುವ ಕೈಚಳಕದವರು ಇದ್ದಾರೆ ಎಂಬುದನ್ನು ಮರೆಯಬೇಡಿ. ಸರ್ವಿಸ್ ಬಿಲ್ಲುಗಳನ್ನು ಕೇಳಿ. ಪ್ರತಿ ಬಿಲ್ಲಿನಲ್ಲೂ ಅಂದಿನ ಕಿಲೋಮೀಟರ್ ಬರೆದಿರುವುದು ರೂಢಿ. ಕ್ಲಚ್ ಪೆಡಲಿನ ರಬ್ಬರ್ ನುಣುಪಾಗಿ ಸವೆದಿದ್ದು, ಮೀಟರ್ ಮಾತ್ರ ಎಳೆಯದಾಗಿದ್ದರೆ ಪೆಡಲನ್ನೇ ನಂಬಿ. ದಾಖಲೆಯಿರುವ ದೊಡ್ಡ ಅಂಕಿಗಿಂತ ದಾಖಲೆಯಿಲ್ಲದ ಚಿಕ್ಕ ಅಂಕಿಯೇ ಹೆಚ್ಚು ಅಪಾಯಕಾರಿ.

ಇನ್ನು ಎಂಜಿನ್ನಿನ ವಿಚಾರ. ಇದು ಭೌತಶಾಸ್ತ್ರದ ಪಾಠವೇ. 1897ರಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿನ ತತ್ವ ಇಂದಿಗೂ ಅದೇ. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಇಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ರಿಂಗುಗಳು ಸವೆದಿದ್ದರೆ ಗಾಳಿ ಸೋರಿ ಒತ್ತಡ ಕುಗ್ಗುತ್ತದೆ. ತಣ್ಣಗಿರುವ ಎಂಜಿನ್ ಆಗ ಸುಲಭವಾಗಿ ಸ್ಟಾರ್ಟ್ ಆಗುವುದಿಲ್ಲ. ಆದ್ದರಿಂದ ಗಾಡಿ ನೋಡಲು ಬೆಳಗಿನ ಹೊತ್ತೇ ಹೋಗಿ, ಬಾನೆಟ್ ಮುಟ್ಟಿ ನೋಡಿ. ಮೊದಲೇ ಬೆಚ್ಚಗಿದ್ದರೆ, 'ಇನ್ನೊಂದು ದಿನ ಬರುತ್ತೇವೆ, ನಮ್ಮೆದುರಿಗೇ ಸ್ಟಾರ್ಟ್ ಮಾಡಿ' ಎಂದು ಹೇಳಿ ಬನ್ನಿ.

ಸ್ಟಾರ್ಟ್ ಆದ ಮೇಲೆ ಹೊಗೆ ನೋಡಿ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಗಾಡಿ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರ್ ನೀರು ಒಳಕ್ಕೆ ಸೋರುತ್ತಿರಬಹುದು. ಕಪ್ಪು ಹೊಗೆಗೆ ಕಟ್ಟಿದ ಏರ್ ಫಿಲ್ಟರ್ ಕಾರಣವಿದ್ದೀತು, ಕೆಟ್ಟ ಇಂಜೆಕ್ಟರೂ ಇದ್ದೀತು. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿಂದ ಹೊಗೆ ಬುಸುಬುಸು ಎಂದು ಉಕ್ಕಿದರೆ ರಿಂಗು ಸವೆದಿದೆ ಎಂದು ತಿಳಿಯಬಹುದು. ಆಯಿಲ್ ಕಪ್ಪಗಿದೆ ಎಂದು ಮಾತ್ರ ಗಾಬರಿ ಬೇಡ. ಡೀಸೆಲ್ ಎಂಜಿನ್ನಿನಲ್ಲಿ ಅದು ಬೇಗ ಕಪ್ಪಾಗುವುದು ಸ್ವಾಭಾವಿಕ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ, ಆ ಗಾಡಿಯ ಆಸೆ ಬಿಡಿ. 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಯಾದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ಸ್ಥಿತಿಯನ್ನೂ ವಿಚಾರಿಸಿ. ಅದನ್ನು ಬದಲಿಸುವುದು ದುಬಾರಿ.

ಆಮೇಲೆ ಗಾಡಿಯ ಕೆಳಗೆ ಬಗ್ಗಿ ನೋಡಿ. ಚಾಸಿಯಲ್ಲಿ ಬಿರುಕು, ವೆಲ್ಡಿಂಗ್ ಗುರುತು ಇವೆಯೇ? ಹಿಂದಿನ ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟ್ ಸೇರಿಸಿದ್ದಾರೆಯೇ? ಹಾಗಿದ್ದರೆ ಮಿತಿ ಮೀರಿದ ಕಲ್ಲು, ಮರಳು ಹೊತ್ತಿರುವ ಸಂಭವ ಹೆಚ್ಚು. ಹೆದ್ದಾರಿಯಲ್ಲಿ ಹದವಾದ ಹೊರೆಯೊಂದಿಗೆ ಓಡಿದ ಎರಡು ಲಕ್ಷಕ್ಕಿಂತ ಕ್ವಾರಿ ರಸ್ತೆಯ ಎಂಬತ್ತು ಸಾವಿರ ಗಾಡಿಯನ್ನು ಹೆಚ್ಚು ಹಣ್ಣು ಮಾಡಬಲ್ಲದು.

ಕಾಗದಪತ್ರಗಳ ಪರಿಶೀಲನೆ ಪಾಲಕರ ಪಾಲಿನ ಕೆಲಸ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದ್ದರೆ, ಅದು ತೀರಿದ್ದಕ್ಕೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಬೇಕು. ಮಾಲೀಕತ್ವ ವರ್ಗಾವಣೆಗೆ ಫಾರಂ 29, 30. ವಿಮೆ, ತೆರಿಗೆ, ಬಾಕಿ ದಂಡಗಳನ್ನು ನೋಡಿ. ಬಾಡಿಗೆ ಗಾಡಿಯ ಫಿಟ್‌ನೆಸ್ ಪತ್ರವನ್ನು 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ನವೀಕರಿಸಬೇಕು. ಹೊರೆ ಸೇರಿ ಒಟ್ಟು ತೂಕ 3,000 ಕಿಲೋ ಮೀರುವ ಗಾಡಿಗೆ ಪರ್ಮಿಟ್ಟೂ ಬೇಕು. 'ಹೆಸರು ಆಮೇಲೆ ಬದಲಾಯಿಸೋಣ' ಎನ್ನುವವರ ಕೈಗೆ ಪೂರ್ತಿ ಹಣ ಕೊಡಬೇಡಿ.

ವಿದ್ಯಾರ್ಥಿಗಳು ತಿಳಿದಿರಬೇಕಾದದ್ದು ಇನ್ನೊಂದಿದೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಬಾಡಿಗೆಯ ಸರಕು ವಾಹನ ಓಡಿಸಲು 20 ವರ್ಷ ತುಂಬಿರಬೇಕು. 7,500 ಕಿಲೋ ಒಳಗಿನ ವಾಹನಕ್ಕೆ ಲಘು ವಾಹನದ ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ವಯಸ್ಸಿನ ಮಿತಿ ಅದರಿಂದ ಬದಲಾಗಿಲ್ಲ. ಹದಿನೆಂಟರಲ್ಲೇ ಗಾಡಿ ಕೊಂಡು ನಿಲ್ಲಿಸುವುದಕ್ಕಿಂತ ಐಟಿಐಯಲ್ಲಿ ಒಂದು ವರ್ಷದ ಡೀಸೆಲ್ ಮೆಕ್ಯಾನಿಕ್ ತರಬೇತಿ ಪಡೆದರೆ ಮುಂದೆ ರಿಪೇರಿಯ ಎಷ್ಟೋ ಖರ್ಚು ಉಳಿಯುತ್ತದೆ.

ಕಡೆಯದಾಗಿ ಹಣದ ಮಾತು. ಕೈಯಲ್ಲಿ 4 ಲಕ್ಷವಿದ್ದರೆ 4 ಲಕ್ಷದ ಗಾಡಿ ನೋಡಬೇಡಿ, 3 ಲಕ್ಷದ್ದನ್ನು ನೋಡಿ. ಉಳಿದ ಒಂದು ಲಕ್ಷ ಟೈರು, ಕ್ಲಚ್, ಬ್ಯಾಟರಿ, ವಿಮೆಗಾಗಿ ಇರಲಿ. ಬಹಳ ಓಡಿದ ಗಾಡಿ ರಿಪೇರಿ ಕೇಳಿಯೇ ಕೇಳುತ್ತದೆ. ಆ ದಿನ ಕೈ ಬರಿದಾಗಿದ್ದರೆ ಗಾಡಿ ಅಂಗಳದಲ್ಲಿ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಮಾರುವವನ ಮೆಕ್ಯಾನಿಕ್ ಬೇಡ, ನಿಮ್ಮ ಪರಿಚಯದವನನ್ನು ಕೂಲಿ ಕೊಟ್ಟು ಕರೆದೊಯ್ಯಿರಿ.

ಇದಕ್ಕೆಲ್ಲ ಮೊದಲು ಮಗ ಒಂದು ತಿಂಗಳು ಊರಿನ ಯಾವುದಾದರೂ ಪಿಕಪ್ಪಿನಲ್ಲಿ ಸಹಾಯಕನಾಗಿ ಹೋಗಲಿ. ಬಾಡಿಗೆ ಎಷ್ಟು ಬಂತು, ಡೀಸೆಲ್ ಎಷ್ಟು ಹೋಯಿತು, ಖಾಲಿ ಬಂದದ್ದು ಎಷ್ಟು ಸಲ ಎಂದು ದಿನವೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ತಿಂಗಳ ಕೊನೆಗೆ ತಂದೆತಾಯಿ ಅದನ್ನು ಓದಲಿ. ಬಳೆ ಅಡವಿಡಬೇಕೇ ಬೇಡವೇ ಎಂಬುದನ್ನು ಆ ನೋಟ್‌ಬುಕ್ ನೋಡಿ ತೀರ್ಮಾನಿಸಬಹುದು.