ಸೈನಿಕ ಸಮವಸ್ತ್ರದ ಗುಂಡಿಗಳು ಮತ್ತು ಕಾಲನಿರ್ಣಯ

ಶಾಸನ, ನಾಣ್ಯಗಳಂತೆ ಸೈನಿಕರ ಸಮವಸ್ತ್ರದ ಗುಂಡಿಯೂ ಚರಿತ್ರೆಯ ಆಕರವೇ. ಆದರೆ ಒಂದೇ ಲಕ್ಷಣವನ್ನು ನೆಚ್ಚಿ ಅದರ ಕಾಲವನ್ನು ನಿರ್ಣಯಿಸುವುದು ಸಲ್ಲದು.

ಬ್ರಿಟಿಷ್ ಪದಾತಿದಳಗಳ ಗುಂಡಿಗಳ ಮೇಲೆ ಆಯಾ ದಳದ ಸಂಖ್ಯೆಯಿರಬೇಕೆಂಬ ಆಜ್ಞೆ ಹೊರಟದ್ದು 1767ರಲ್ಲಿ. 1871ರಲ್ಲಿ ಸಾಮಾನ್ಯ ಸೈನಿಕರ ಗುಂಡಿಗಳಲ್ಲಿ ಸಂಖ್ಯೆಯ ಸ್ಥಾನಕ್ಕೆ ರಾಜಲಾಂಛನ ಬಂದಿತು; ಅಧಿಕಾರಿಗಳ ಗುಂಡಿಗಳಲ್ಲಿ ಸಂಖ್ಯೆ 1881ರ ಪುನರ್ರಚನೆಯವರೆಗೆ ಉಳಿಯಿತು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ 33ನೆಯ ಪದಾತಿದಳ ಪಾಲ್ಗೊಂಡಿತ್ತು. ಹಾಗೆಂದು ಅಲ್ಲಿ ‘33’ ಎಂಬ ಅಂಕಿಯ ಗುಂಡಿಯೊಂದು ದೊರೆತರೆ, ಅಷ್ಟರಿಂದಲೇ ಅದನ್ನು ಆ ಯುದ್ಧದ ಅವಶೇಷವೆಂದು ಸಾರಲಾಗದು. ಆ ಅಂಕಿಯ ಬಳಕೆಯ ಅವಧಿ ಒಂದು ಶತಮಾನಕ್ಕೂ ಮಿಗಿಲಾದುದು.

ಕಿರೀಟದ ಆಕಾರವೂ ಒಂಟಿಯಾಗಿ ಸಾಕ್ಷಿಯಾಗದು. 1901ರಿಂದ 1952ರವರೆಗಿನ ಅರಸರ ಕಾಲದಲ್ಲಿ ಬಳಕೆಯಲ್ಲಿದ್ದ ಟ್ಯೂಡರ್ ಕಿರೀಟವನ್ನು ಮೂರನೆಯ ಚಾರ್ಲ್ಸ್ 2022ರಲ್ಲಿ ಮತ್ತೆ ಆಯ್ದುಕೊಂಡಿದ್ದಾರೆ. ಆದುದರಿಂದ ಮುಂಬದಿಯ ಚಿಹ್ನೆಯೊಡನೆ ಹಿಂಬದಿಯ ತಯಾರಕರ ಹೆಸರು, ವಿಳಾಸ, ಹೊಲಿಗೆಯ ಕೊಂಡಿಯ ರಚನೆ, ಲೋಹ ಇವೆಲ್ಲವನ್ನೂ ಕೂಡಿಸಿ ಓದಬೇಕು. ಹೊಳಪಿಗಾಗಿ ಉಜ್ಜಿದರೆ ಸವೆದ ಅಕ್ಷರಗಳು ಅಳಿದುಹೋಗುವ ಅಪಾಯವಿದೆ.

ಇಷ್ಟಾದರೂ ಗುಂಡಿ ಹೇಳುವುದು ತಾನು ತಯಾರಾದ ಕಾಲವನ್ನು ಮಾತ್ರ. ಮಣ್ಣಿಗೆ ಬಿದ್ದ ಕಾಲವನ್ನಲ್ಲ. ಅದನ್ನು ತಿಳಿಯಲು ದೊರೆತ ಸ್ಥಳ, ಮಣ್ಣಿನ ಸ್ತರ, ಜೊತೆಗಿದ್ದ ವಸ್ತುಗಳ ದಾಖಲೆ ಬೇಕು. ಈ ದಾಖಲೆಯಿಲ್ಲದೆ ಸಂಗ್ರಾಹಕರ ಪೆಟ್ಟಿಗೆ ಸೇರಿದ ಗುಂಡಿಯ ಸಾಕ್ಷ್ಯ ಬಹುಪಾಲು ನಷ್ಟವಾದಂತೆಯೇ. ತೇದಿಯಿಲ್ಲದ ಶಾಸನದ ಕಾಲವನ್ನು ಲಿಪಿ, ಭಾಷೆ, ಉಲ್ಲೇಖಿತ ವ್ಯಕ್ತಿಗಳನ್ನು ಒಟ್ಟಾಗಿ ಪರಿಶೀಲಿಸಿ ಗುರುತಿಸುತ್ತ ಬಂದ ಕನ್ನಡ ವಿದ್ವತ್ತಿಗೆ ಈ ಶಿಸ್ತು ಹೊಸದಲ್ಲ. ಅದು ಈ ಕಿರುವಸ್ತುವಿಗೂ ಅನ್ವಯವಾಗಬೇಕು.