ಗುಳೆ ಹೋದ ತಾಯಂದಿರ ಪರವಾಗಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ,
ಬೆಂಗಳೂರು.

ವಿಷಯ: ಮಕ್ಕಳನ್ನು ಊರಲ್ಲಿ ಬಿಟ್ಟು ದುಡಿಯಲು ಬಂದ ತಾಯಂದಿರನ್ನು ಶಾಲೆಗಳು ಪೋಷಕರೆಂದೇ ನಡೆಸಿಕೊಳ್ಳುವ ಕುರಿತು.

ಮಾನ್ಯರೇ,

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಬರುವ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಗಂಡ ಊರಲ್ಲಿಲ್ಲದ್ದು ಯಾರಿಗೂ ಪ್ರಶ್ನೆಯಲ್ಲ. ಮಗುವಿಗೆ ಜ್ವರ ಬಂದರೂ, ಅಂಕ ಕಡಿಮೆಯಾದರೂ ಬೆರಳು ತೋರುವುದು ತಾಯಿಯ ಕಡೆಗೇ. ಊರವರ ಬಾಯನ್ನು ಆಯೋಗ ಕಟ್ಟಲಾಗದು. ನಾವು ಅದನ್ನು ಕೇಳುತ್ತಲೂ ಇಲ್ಲ. ತಾಯಿ ಎಂದರೆ ಕರೆದಾಗ ಎದುರಿಗೆ ಬಂದು ನಿಲ್ಲುವವಳು ಎಂಬ ಅದೇ ನಿರೀಕ್ಷೆ ಸರ್ಕಾರಿ ವ್ಯವಸ್ಥೆಯ ರೂಢಿಯೂ ಆಗಿರುವುದು ನಮ್ಮ ತಕರಾರು.

ಮಗುವನ್ನು ಊರಲ್ಲಿ ಬಿಡುವುದು ಬಹುಪಾಲು ಮಗುವಿಗಾಗಿಯೇ ಮಾಡಿದ ತೀರ್ಮಾನ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ 50ಕ್ಕಿಂತ ಹೆಚ್ಚು ಮಹಿಳೆಯರಿರುವ ಕಡೆ 6 ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಶಿಶುಪಾಲನೆಯ ಗೆರೆಯನ್ನು 6 ವರ್ಷಕ್ಕೇ ಎಳೆದಿದೆ. ಮೇಸ್ತ್ರಿಯ ಕೈಕೆಳಗಿನ ಸಣ್ಣ ಸೈಟಿಗೆ 50ರ ಲೆಕ್ಕ ತಲುಪುವುದೇ ಇಲ್ಲ. 7 ವರ್ಷದ ಮಗುವಿಗಂತೂ ತಗಡಿನ ಶೆಡ್ಡು, ಮರಳಿನ ರಾಶಿ, ಮುಚ್ಚಳವಿಲ್ಲದ ನೀರಿನ ತೊಟ್ಟಿ ಇಷ್ಟೇ ಗತಿ. ಒಂದು ಕಟ್ಟಡ ಮುಗಿದರೆ ಬಿಡಾರ ಇನ್ನೊಂದು ಬಡಾವಣೆಗೆ ಹೋಗುತ್ತದೆ, ಶಾಲೆಯೂ ತಪ್ಪುತ್ತದೆ. ವರ್ಗಾವಣೆ ಪತ್ರ ತಡವಾದರೂ ದಾಖಲಾತಿ ನಿರಾಕರಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ನಿಜ. ಆದರೆ ವರ್ಷಕ್ಕೆ ಎರಡು ಮೂರು ಸಲ ಶಾಲೆ ಬದಲಾದ ಮಗು ಕಲಿಯುವುದೇನು? ಇಷ್ಟನ್ನು ತೂಗಿ ನೋಡಿ ಅಜ್ಜಿಯ ಬಳಿ ಬಿಟ್ಟ ತಾಯಿಯನ್ನು ಹೊಣೆಗೇಡಿ ಎನ್ನುವುದು ಅನ್ಯಾಯ.

ಮಗುವಿಗೆ ತಾಯಿ ಹತ್ತಿರವೇ ಇರಬೇಕಲ್ಲವೇ ಎಂಬ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಹತ್ತಿರವಿರುವ ದಾರಿಗೆ ದುಡ್ಡು ಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಸ್ಲೀಪರ್ ಬಸ್ಸು ಅಲ್ಲ. ಮಗುವನ್ನು ನೋಡಲು ಊರಿಗೆ ಹೋದ ದಿನದ ಕೂಲಿಯನ್ನಂತೂ ಯಾರೂ ಕೊಡುವುದಿಲ್ಲ. ಅಜ್ಜಿ ಇದ್ದಾಳಲ್ಲ ಎನ್ನುವವರೂ ಇದ್ದಾರೆ. ಅಜ್ಜಿ ಉಣಿಸಿ ಮಲಗಿಸಬಲ್ಲಳು; ಓದು ಬರಹವಿಲ್ಲದವಳು ಶಾಲೆಯ ನೋಟಿಸು ಓದಲಾರಳು, ಹಲವೆಡೆ ಅವಳೂ ಹೊಲಕ್ಕೆ ಕೂಲಿಗೆ ಹೋಗುವವಳೇ. ದೂರದಲ್ಲಿರುವ ತಾಯಿಯನ್ನೂ ಶಾಲೆ ಪೋಷಕಳೆಂದು ಮಾನ್ಯ ಮಾಡಿದರೆ ಗುಳೆ ಹೆಚ್ಚುತ್ತದೆಂಬ ವಾದವೂ ಕೇಳಿಬರುತ್ತದೆ. ಜನ ಊರು ಬಿಡುವುದು ಮಳೆ ಕೈಕೊಟ್ಟು, ಸಾಲ ಏರಿ. ಶಾಲೆ ಫೋನು ಮಾಡುತ್ತದೆಂದು ಯಾರೂ ಬೆಂಗಳೂರಿಗೆ ಹೊರಡುವುದಿಲ್ಲ.

ಆದ್ದರಿಂದ ಆಯೋಗವು ಸರ್ಕಾರಕ್ಕೆ ಹೀಗೆ ಶಿಫಾರಸು ಮಾಡಬೇಕೆಂದು ಕೋರುತ್ತೇವೆ. ತಾಯಿ ಫೋನಿನಲ್ಲಿ ಭಾಗವಹಿಸಿದರೂ ಪೋಷಕರ ಸಭೆಯ ಹಾಜರಿ ಎಂದೇ ಬರೆದುಕೊಳ್ಳಲಿ. ಅಜ್ಜಿಗೆ ಸಹಿಯ ಅಧಿಕಾರ ಕೊಡಲು ತಾಯಿಯ ಒಂದು ಪತ್ರ ಸಾಕಾಗಲಿ. ಗುಳೆಯ ತಾಲ್ಲೂಕುಗಳಲ್ಲಿ ಮಕ್ಕಳಿಗಾಗಿ ಋತುಮಾನದ ವಸತಿ ವ್ಯವಸ್ಥೆ ಗುಳೆ ಶುರುವಾಗುವ ಮೊದಲೇ ತೆರೆಯಲಿ, ಸೈಟುಗಳ ಶಿಶುಪಾಲನೆಯ ವಯೋಮಿತಿ 6ರಿಂದ ಮೇಲೇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಮಗುವನ್ನು ನೋಡಿ ಬರುವ ದಿನಗಳ ಕೂಲಿಯನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಭರಿಸಲಿ. ಈ ಸೌಲಭ್ಯ ತಂದೆಗೂ ಇರಲಿ. ಬರುವ ಶೈಕ್ಷಣಿಕ ವರ್ಷ ಆರಂಭವಾಗುವುದರೊಳಗೆ ತಮ್ಮ ಶಿಫಾರಸು ಸರ್ಕಾರಕ್ಕೆ ತಲುಪಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ವಲಸೆ ಕಾರ್ಮಿಕ ತಾಯಂದಿರ ಪರವಾಗಿ ಸಹಿ ಮಾಡಿದವರು