ಮೋಟಾರಿನ ಹೊಗೆಯೂ ನಮ್ಮ ಶ್ವಾಸನಾಳವೂ

ಸಂಜೆಯ ಹೊತ್ತು ದೊಡ್ಡ ರಸ್ತೆಯ ಬದಿಯಲ್ಲಿ ವಾಯುಸೇವನೆ ಮಾಡಿ ಬಂದವರಿಗೆ ಗಂಟಲು ಕೆರೆಯುವುದು, ಒಣಕೆಮ್ಮು ಬರುವುದು ಅಪರೂಪವೇನಲ್ಲ. ಧೂಳು ಹೆಚ್ಚಾಯಿತೆಂದು ಬಿಸಿನೀರು ಕುಡಿದು ಸುಮ್ಮನಾಗುತ್ತೇವೆ. ಕಣ್ಣಿಗೆ ಕಾಣುವ ಧೂಳಿನ ಬಹುಭಾಗವನ್ನು ಮೂಗೇ ತಡೆದುಬಿಡುತ್ತದೆ. ಡೀಸೆಲ್ ಹೊಗೆಯ ಮಸಿಯ ಮಾತು ಬೇರೆ. ಅದರ ಕಣಗಳಲ್ಲಿ ಅನೇಕವು ತಲೆಗೂದಲಿನ ದಪ್ಪದ ಐನೂರರಲ್ಲೊಂದು ಪಾಲಿಗಿಂತಲೂ ಸಣ್ಣವು. ಮೂಗು ಗಂಟಲುಗಳ ಕಾವಲನ್ನು ದಾಟಿ ಶ್ವಾಸಕೋಶದ ಆಳಕ್ಕೇ ಇಳಿಯಬಲ್ಲವು.

ಈ ವಿಷಯದಲ್ಲಿ ಲಂಡನ್ ನಗರದಲ್ಲಿ ನಡೆದು, 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ಬಹು ಸ್ವಾರಸ್ಯವಾದುದು. ಅಲ್ಲಿನ ಆಕ್ಸ್‌ಫರ್ಡ್ ಬೀದಿಯಲ್ಲಿ ಆಗ ಓಡಾಡುತ್ತಿದ್ದವು ಡೀಸೆಲ್ ಬಸ್ಸುಗಳು ಮತ್ತು ಟ್ಯಾಕ್ಸಿಗಳು. ಬೀದಿಯ ಪಶ್ಚಿಮದ ಕೊನೆಯಲ್ಲೇ ಹೈಡ್ ಪಾರ್ಕ್ ಎಂಬ ವಿಶಾಲವಾದ ಉದ್ಯಾನ. ಉಬ್ಬಸವುಳ್ಳ 60 ಮಂದಿ ಒಂದು ದಿನ ಬೀದಿಯಲ್ಲಿ, ಮತ್ತೊಂದು ದಿನ ಉದ್ಯಾನದಲ್ಲಿ, ಎರಡೆರಡು ಗಂಟೆ ನಡೆದರು. ಬೀದಿಯಲ್ಲಿ ನಡೆದ ದಿನ, ಒಂದು ಸೆಕೆಂಡಿನಲ್ಲಿ ಅವರು ಬಲವಾಗಿ ಹೊರದೂಡಬಲ್ಲ ಉಸಿರು ನೂರಕ್ಕೆ 6ರವರೆಗೂ ಕುಗ್ಗಿತು. ಉದ್ಯಾನದಲ್ಲಿ ಅಷ್ಟು ಕುಗ್ಗಲಿಲ್ಲ. ಕಫವನ್ನು ಪರೀಕ್ಷಿಸಿದಾಗ, ಒಂದು ಬಗೆಯ ಬಿಳಿಯ ರಕ್ತಕಣಗಳು ಕೆರಳಿದ್ದ ಕುರುಹು ದೊರೆಯಿತು.

ಈ ಬಿಳಿಯ ಕಣಗಳು ನಮ್ಮ ಶತ್ರುಗಳಲ್ಲ, ಮನೆಯ ಕಾವಲುಗಾರರೇ. ಮಸಿ ತಗುಲಿದ ಒಳಪದರವು ಕೂಗಿಟ್ಟೊಡನೆ ರಕ್ತದಿಂದ ಧಾವಿಸಿ ಬಂದು, ರೋಗಾಣುಗಳನ್ನು ಕೊಲ್ಲಲೆಂದು ಇಟ್ಟುಕೊಂಡಿರುವ ತೀಕ್ಷ್ಣ ದ್ರವ್ಯಗಳನ್ನು ಅಲ್ಲಿ ಸುರಿಯುತ್ತವೆ. ಮಸಿಗೆ ಅದರಿಂದೇನು? ಅದು ಸಾಯುವ ಜೀವಿಯಲ್ಲ. ಏಟು ಬೀಳುವುದು ಶ್ವಾಸನಾಳಕ್ಕೇ. ಒಳಪದರ ಊದಿಕೊಳ್ಳುತ್ತದೆ, ಕಫ ಹೆಚ್ಚುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ವೈದ್ಯರು ಉರಿಯೂತವೆನ್ನುವುದು ಇದನ್ನೇ.

ತಮಗೆ ಉಬ್ಬಸವಿಲ್ಲವೆಂದು ನಿಶ್ಚಿಂತರಾಗಿರುವ ವಾಚಕರೂ ಇರಬಹುದು. ಮುಂದೆ ಪುಣೆಯಲ್ಲಿ ಶ್ವಾಸರೋಗಗಳ ಸಂಶೋಧನೆ ನಡೆಸಿದ ಡಾ. ಸಂದೀಪ್ ಸಾಲ್ವಿಯವರೂ ಅವರ ಸಂಗಡಿಗರೂ 1999ರಲ್ಲಿ ಪ್ರಕಟಿಸಿದ ಪ್ರಯೋಗ ಅಂಥವರಿಗಾಗಿಯೇ ನಡೆದಂತಿದೆ. 15 ಮಂದಿ ಆರೋಗ್ಯವಂತರು ತೆಳುಗೊಳಿಸಿದ ಡೀಸೆಲ್ ಹೊಗೆಯಲ್ಲಿ ಒಂದು ಗಂಟೆ ಇದ್ದರು. ಉಸಿರಿನ ಸಾಮಾನ್ಯ ಅಳತೆಗಳಲ್ಲಿ ಏನೊಂದು ವ್ಯತ್ಯಾಸವೂ ಕಾಣಲಿಲ್ಲ. ಆದರೆ ಆರು ಗಂಟೆಗಳ ತರುವಾಯ ಶ್ವಾಸನಾಳದ ಚೂರನ್ನು ತೆಗೆದು ನೋಡಿದರೆ, ಅಲ್ಲಿ ಉರಿಯೂತದ ಕಣಗಳು ಜಮಾಯಿಸಿದ್ದವು. ಎದೆ ಹಗುರವಾಗಿದೆಯೆಂಬ ನಮ್ಮ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದೋ ತಾವೇ ಯೋಚಿಸಿ!

ಕರವಸ್ತ್ರ ಕಟ್ಟಿಕೊಂಡರೆ ಸಾಲದೆ ಎನ್ನುವವರುಂಟು. ಬಟ್ಟೆಯ ನೇಯ್ಗೆಯ ಸಂದುಗಳು ಇಂಥ ಕಣಗಳಿಗೆ ಹೆಬ್ಬಾಗಿಲಿದ್ದಂತೆ. ಅದಕ್ಕಿಂತ ದೂರವೇ ಮೇಲು: ರಸ್ತೆಯಿಂದ ನೂರಿನ್ನೂರು ಮೀಟರು ಸರಿದರೆ ಅತಿಸೂಕ್ಷ್ಮ ಕಣಗಳು ಬಹಳ ಮಟ್ಟಿಗೆ ವಿರಳವಾಗುತ್ತವೆ. ಅಜ್ಜಂದಿರ ಸಂಚಾರಕ್ಕೂ ಮಕ್ಕಳ ಶಾಲೆಯ ಹಾದಿಗೂ ಒಳಬೀದಿಯನ್ನೇ ಆರಿಸಿಕೊಳ್ಳುವುದು ಲೇಸು. ಸ್ವಲ್ಪ ಸುತ್ತಾದರೂ ಚಿಂತೆಯಿಲ್ಲ. ಉಬ್ಬಸದವರು, ಈಗ ಸುಖವಾಗಿದೆಯಲ್ಲಾ ಎಂದು, ದಿನವೂ ಸೇದಲು ವೈದ್ಯರು ಹೇಳಿರುವ ಔಷಧವನ್ನು ತಾವಾಗಿ ಬಿಡಬಾರದು. ಹೊರಗೆ ಕಾಣದ ಆ ಉರಿಯೂತವನ್ನು ತಗ್ಗಿಸಲೆಂದೇ ಅದನ್ನು ಕೊಟ್ಟಿರುವುದು.